ಒಂದೆಕರೆ ಊಟಕ್ಕಿರಲಿ

ತಮ್ಮಾ,

ಪುಣೆಯ ಕೆಲಸ ಬಿಟ್ಟು ಊರಲ್ಲೇ ಒಕ್ಕಲುತನ ಮಾಡುತ್ತೇನೆ ಅಂದಿದ್ದೀ. ನಿನ್ನಂತೆ ಮರಳಿ ಬರುವ ಎಲ್ಲರಿಗೂ ನಾನು ಹೇಳುವುದು ಒಂದೇ. ಮೂರೆಕರೆ ಇದ್ದರೆ ಎರಡರಲ್ಲಿ ಕಬ್ಬಿರಲಿ, ಒಂದನ್ನು ಊಟಕ್ಕೆ ಬಿಡು.

ಕಬ್ಬನ್ನು ಬೈಯಲಾರೆ. ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ಎಷ್ಟೋ ಮಕ್ಕಳ ಓದು, ಮದುವೆ ಅದರಿಂದಲೇ ಆಗಿವೆ. ಆದರೆ ಕಬ್ಬು ಕಳಿಸಿದ 14 ದಿನದೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳಿದ್ದರೂ, ಬಿಲ್ಲಿಗಾಗಿ ರೈತರು ರಸ್ತೆಗಿಳಿಯುವುದು ತಪ್ಪಿಲ್ಲ. ಅಲ್ಲಿಯತನಕ ರೈತನ ಮನೆಗೇ ಜೋಳ, ಬೇಳೆ, ಎಣ್ಣೆ ಪೇಟೆಯಿಂದ ಬರುತ್ತವೆ. ಇದು ನನ್ನನ್ನು ಬಹಳ ನೋಯಿಸುತ್ತದೆ. ಇನ್ನು ನೆಲದ ಪಾಡು. ಎರೆಮಣ್ಣಿನಲ್ಲಿ ನೀರು ಸುಲಭಕ್ಕೆ ಬಸಿಯುವುದಿಲ್ಲ. ವರ್ಷವಿಡೀ ಹಾಯಿಸಿದರೆ ಕೆಳಗಿನ ಉಪ್ಪು ಮೇಲೆದ್ದು ಹೊಲ ಸವಳು-ಜವಳಾಗುತ್ತದೆ. ಬಿಳಿ ಹೊಪ್ಪಳಿಕೆ ಎದ್ದ ಅಂಥ ಹೊಲಗಳನ್ನು ನೀನೂ ಕಂಡಿದ್ದೀ.

ಆ ಒಂದೆಕರೆಗೆ ಹಿಂಗಾರಿಯಲ್ಲಿ ಮಾಲದಂಡಿ ಜೋಳ ಬಿತ್ತು. ನಡುವೆ ಕಡಲೆಯ ಅಕ್ಕಡಿ ಸಾಲು, ಅಂಚಿಗೆ ಕುಸುಬಿ. ಕುಸುಬಿಯ ಮುಳ್ಳಿಗೆ ಹೆದರಿ ದನ ಒಳಗೆ ನುಗ್ಗುವುದಿಲ್ಲ, ಕಾಳಿನಿಂದ ಮನೆಗೆ ಎಣ್ಣೆ. ಮಳೆ ಬಿಟ್ಟುಹೋದ ಹಸಿಯಲ್ಲೇ ಜೋಳ ಬರುತ್ತದೆ, ಕಣಿಕೆ ಎಮ್ಮೆಗಾಯಿತು. ಬಾವಿ ಪಕ್ಕ ಬದನೆ, ಪುಂಡಿ, ಮೆಂತ್ಯ, ಹಕ್ಕರಕಿ ಹಾಕು. ಬೀಜಕ್ಕೆ ಯಾವ ತೆನೆ ಎತ್ತಿಡಬೇಕೆಂದು ನಿನ್ನವ್ವನನ್ನು ಕೇಳು. ಅದು ಯಾವ ಅಂಗಡಿಯವನಿಗೂ ತಿಳಿಯದ ವಿದ್ಯೆ.

ಮಾರುವುದೆಲ್ಲಿ ಅನ್ನುತ್ತೀ. ಬೆಂಗಳೂರಿನ ಸಾವಯವ ಅಂಗಡಿ ಆಮೇಲೆ. ಮೊದಲು ರಬಕವಿ-ಬನಹಟ್ಟಿಯ ನೇಕಾರರ ಓಣಿಗೆ ಹೋಗು. ಮಗ್ಗ ನಂಬಿದ ಎಷ್ಟೋ ಮನೆಗಳಿಗೆ ಹೊಲವಿಲ್ಲ, ರೊಟ್ಟಿಯಂತೂ ದಿನಾ ಬೇಕು. ಕೆಲವೇ ಮನೆಗಳನ್ನು ಗೊತ್ತುಮಾಡಿಕೊ. ಸುಗ್ಗಿಗೆ ವರ್ಷದ ಜೋಳ, ವಾರಕ್ಕೊಮ್ಮೆ ಕಾಯಿಪಲ್ಲೆ ಮುಟ್ಟಿಸು. ದರವನ್ನು ಎದುರಾಬದುರು ಕೂತು ಗೊತ್ತುಮಾಡಿ. ರಾಸಾಯನಿಕ ಬಿಡುವುದಾದರೆ, ಬೆಳೆ ಸಾವಯವವೆಂದು ರೈತರೇ ದೃಢೀಕರಿಸುವ ಪಿಜಿಎಸ್ ಎಂಬ ವ್ಯವಸ್ಥೆಯಿದೆ. ಐದು ಜನ ರೈತರಾದರೂ ಗುಂಪುಗೂಡಿ, ಒಬ್ಬರ ಹೊಲ ಇನ್ನೊಬ್ಬರು ನೋಡಿ ದೃಢೀಕರಿಸಬೇಕು.

ಐದು ಜನ ಎಲ್ಲಿ ಸಿಗಬೇಕು ಎಂದು ಹಿಂಜರಿಯಬೇಡ. 1989ರಲ್ಲಿ ಇದೇ ಕೃಷ್ಣಾ ತೀರದ ರೈತರು, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ, ಸರಕಾರದ ದುಡ್ಡಿಗೆ ಕಾಯದೆ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿದರು. ತಮ್ಮದೇ ವಂತಿಗೆ, ತಮ್ಮದೇ ಶ್ರಮ. ಶ್ರಮಬಿಂದು ಸಾಗರ ಎಂದು ಅದಕ್ಕೆ ಹೆಸರಾಯಿತು. ಆ ನೀರು ಕಬ್ಬನ್ನು ಬೆಳೆಸಿದಂತೆ ಕಾಯಿಪಲ್ಲೆಯನ್ನೂ ಬೆಳೆಸಬಲ್ಲದು. ಅವರ ಮಕ್ಕಳು, ಮೊಮ್ಮಕ್ಕಳು ನಿನ್ನ ವಾರಿಗೆಯವರೇ. ಹೋಗಿ ಮಾತಾಡಿಸು.

ಸೀಗಿ ಹುಣ್ಣಿಮೆಯೊಳಗೆ ಬಿತ್ತಿಗೆ ಮುಗಿಯಬೇಕು. ಕೂರಿಗೆ ನಮ್ಮಲ್ಲಿದೆ, ಬಂದು ಒಯ್ಯಿ.

ನಿನ್ನ ಕಾಕಾ