ಬಾಣಂತನಕ್ಕೆ ಹೊರಟಿದ್ದೇವೆ, ಇಷ್ಟೆಲ್ಲ ಲಸಿಕೆ ಬೇಕೇ?

ಪ್ರಶ್ನೆ: ನನಗೆ 57 ವರ್ಷ. ಶಿಕಾರಿಪುರ ತಾಲ್ಲೂಕಿನ ಹಳ್ಳಿಯವಳು, ತವರು ಸೊರಬದ ಕಡೆ. ಮಗ ಉಗಾಂಡಾದ ಕಂಪಾಲಾದಲ್ಲಿ ಕೆಲಸದಲ್ಲಿದ್ದಾನೆ. ಸೊಸೆಗೆ ಈಗ ಆರು ತಿಂಗಳು, ಅವಳಿಗೆ ತಾಯಿ ಇಲ್ಲ. ಬಾಣಂತನಕ್ಕೆ ನಾವಿಬ್ಬರೂ ಬಂದು ಮೂರು ತಿಂಗಳು ಇರಬೇಕು ಅಂತ ಮಗನ ಆಸೆ. ಖಾಸಗಿ ಆಸ್ಪತ್ರೆಯೊಂದರಲ್ಲಿ ವಿಚಾರಿಸಿದರೆ ಎಂಟು ಲಸಿಕೆಗಳ ಪಟ್ಟಿ ಕೊಟ್ಟರು. ಇಬ್ಬರಿಗೂ ಸೇರಿ ನಲವತ್ತು ಸಾವಿರದ ಹತ್ತಿರ ಆಗುತ್ತದಂತೆ. 'ದುಡ್ಡಿನ ಯೋಚನೆ ಬೇಡ, ಎಲ್ಲ ಹಾಕಿಸಿಕೊಳ್ಳಿ' ಅನ್ನುತ್ತಾನೆ ಮಗ. ನಮ್ಮನೆಯವರಿಗೆ 64, ಸಕ್ಕರೆ ಕಾಯಿಲೆ ಇದೆ. 'ಇಷ್ಟೆಲ್ಲ ಚುಚ್ಚಿಸಿಕೊಂಡು ಹೋಗೋದಾದರೆ ನಾನು ಬರೋದೇ ಇಲ್ಲ' ಎಂದು ಕೂತಿದ್ದಾರೆ. ಅಣ್ಣ ಅಂತೂ 'ಮಂಗನ ಕಾಯಿಲೆಗೆ ವರ್ಷ ವರ್ಷ ಸೂಜಿ ಹಾಕಿಸಿಕೊಂಡ್ವಲ್ಲ, ಏನಾಯ್ತು' ಅಂತಾನೆ. ಹಾಕಿಸಿಕೊಂಡರೆ ಮಗನ ದುಡ್ಡು ಪೋಲು, ಹಾಕಿಸಿಕೊಳ್ಳದೆ ಹೋಗಿ ಅಲ್ಲಿ ಮಲಗಿಬಿಟ್ಟರೆ ನಾನೇ ಅವರಿಗೆ ಹೊರೆ. ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಲಸಿಕೆಗಿಂತ ಹೆಚ್ಚಾಗಿ ನನಗೆ ಕಂಡದ್ದು 'ಹೊರೆ' ಎಂಬ ಮಾತು. ತಾಯಿಯಿಲ್ಲದ ಸೊಸೆಗೆ ತಾಯಿಯಾಗಲು ಹೊರಟವರು ನೀವು. ಅಲ್ಲಿ ಹೋಗಿ ಅವಳಿಂದಲೇ ಆರೈಕೆ ಮಾಡಿಸಿಕೊಳ್ಳುವಂತಾದರೆ ಎಂಬ ಭಯ ನಿಮ್ಮನ್ನು ಕಾಡುತ್ತಿದೆ. ಅದು ಸಣ್ಣ ಭಯವಲ್ಲ, ತಪ್ಪು ಭಯವೂ ಅಲ್ಲ. ದುಡ್ಡಿನ ಲೆಕ್ಕ ಹಾಕುತ್ತಿದ್ದೀರಿ ಎಂದು ನಾಚಿಕೊಳ್ಳಬೇಡಿ. ಜೋಳ, ಶುಂಠಿಯ ದರ ನಂಬಿ ಸಂಸಾರ ತೂಗಿಸಿದವರು ಮಗನ ದುಡ್ಡನ್ನೂ ಹಾಗೇ ಎಣಿಸುತ್ತಾರೆ.

ನಿಮ್ಮ ಯಜಮಾನರ ಹಟವನ್ನೂ ಸ್ವಲ್ಪ ಬೇರೆ ಥರ ನೋಡಿ. 64ನೇ ವಯಸ್ಸಿನಲ್ಲಿ, ಸಕ್ಕರೆ ಕಾಯಿಲೆ ಇಟ್ಟುಕೊಂಡು, ಗೊತ್ತಿಲ್ಲದ ದೇಶಕ್ಕೆ ಹೋಗಲು ಅವರಿಗೂ ಅಂಜಿಕೆ ಇರಬಹುದು. 'ಹೆದರಿಕೆ ಆಗುತ್ತೆ' ಎನ್ನುವುದಕ್ಕಿಂತ 'ಬರೋದಿಲ್ಲ' ಎನ್ನುವುದು ಗಂಡಸರಿಗೆ ಸುಲಭ. ಮಗ 'ಎಲ್ಲ ಹಾಕಿಸಿಕೊಳ್ಳಿ' ಎನ್ನುವುದೂ ಹೀಗೆಯೇ. ದೂರದಲ್ಲಿರುವವನಿಗೆ ದುಡ್ಡು ಕಳಿಸುವುದೊಂದೇ ಕೈಗೆಟುಕುವ ಕಾಳಜಿ. ಮೂವರೂ ಒಬ್ಬರಿಗೊಬ್ಬರು ಒಳ್ಳೆಯದನ್ನೇ ಬಯಸುತ್ತಿದ್ದೀರಿ.

ನಿಮ್ಮ ಅಣ್ಣನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. 1957ರಲ್ಲಿ ನಿಮ್ಮ ತವರು ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಜನರಿಗೆ ಜ್ವರ ಬಂದಾಗಿನಿಂದ ಆ ಸೀಮೆ ಈ ಕಾಯಿಲೆಯ ಜತೆ ಬದುಕುತ್ತಿದೆ. ಅದಕ್ಕಿದ್ದ ಲಸಿಕೆಯನ್ನು ಎರಡು ಸಲ ಹಾಕಿಸಿಕೊಂಡು, ಬೂಸ್ಟರ್ ಪಡೆದು, ಮತ್ತೆ ವರ್ಷ ವರ್ಷ ತೋಳು ಒಡ್ಡಬೇಕಿತ್ತು. ಹಾಗಿದ್ದೂ ಅದರ ರಕ್ಷಣೆ ಸಾಲದಾಯಿತು. 2022ರಲ್ಲಿ ಅದರ ಬಳಕೆಯನ್ನೇ ನಿಲ್ಲಿಸಿದರು. ಅಷ್ಟೆಲ್ಲ ಕಂಡವರಿಗೆ ಸೂಜಿಯ ಮೇಲೆ ನಂಬಿಕೆ ಸಡಿಲವಾದರೆ ಆಶ್ಚರ್ಯವಿಲ್ಲ. ಆದರೆ ಒಂದು ಲಸಿಕೆಯ ಕತೆ ಇನ್ನೊಂದರ ಕತೆಯಲ್ಲ. ಅಣ್ಣನಿಗೆ ಇದನ್ನೂ ಹೇಳಿ: 1957ರಲ್ಲಿ ಸೊರಬದಲ್ಲಿ ಮಂಗಗಳು ಸಾಯುವುದನ್ನು ಕಂಡು ವಿಜ್ಞಾನಿಗಳು ಮೊದಲು ಅನುಮಾನಿಸಿದ್ದು ಹಳದಿ ಜ್ವರವನ್ನೇ. ಪರೀಕ್ಷೆಯಲ್ಲಿ ಅದು ಉಣುಗಿನಿಂದ ಹರಡುವ ಬೇರೆ ವೈರಸ್ ಎಂದು ತಿಳಿಯಿತು. ಹಳದಿ ಜ್ವರದ ವೈರಸ್ಸಿಗೆ ಅದು ದೂರದ ದಾಯಾದಿ. ಈಗ ನೀವು ಹೊರಟಿರುವುದು ಆ ಹಳದಿ ಜ್ವರ ನಿಜವಾಗಿಯೂ ಇರುವ ದೇಶಕ್ಕೆ.

ಹಾಗಾಗಿ ಪಟ್ಟಿಯಲ್ಲಿ ಚೌಕಾಸಿಗೆ ಜಾಗವಿಲ್ಲದ ಲಸಿಕೆ ಅದೊಂದೇ. ಉಗಾಂಡಾದೊಳಗೆ ಕಾಲಿಡಲು ಹಳದಿ ಜ್ವರದ ಲಸಿಕೆಯ ಕಾರ್ಡ್ ಬೇಕು. ವಾಪಸು ಬರುವಾಗ ನಮ್ಮ ಸರ್ಕಾರವೂ ಅದನ್ನು ಕೇಳುತ್ತದೆ. ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದಲೇ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಈ ಕಾಯಿಲೆ ಭಾರತದಲ್ಲಿ ಇಲ್ಲ, ಆದರೆ ಅದನ್ನು ಹರಡಬಲ್ಲ ಸೊಳ್ಳೆ ನಮ್ಮಲ್ಲಿ ಬೇಕಾದಷ್ಟಿದೆ. ಡೆಂಗಿ ಹರಡುವ ಸೊಳ್ಳೆಯೇ ಅದು. ಒಂದು ಡೋಸ್ ಸಾಕು. 2016ರಿಂದ ಆ ಕಾರ್ಡ್ ಜೀವನಪೂರ್ತಿ ನಡೆಯುತ್ತದೆ. ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರವೇ ಅದಕ್ಕೆ ಬೆಲೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇದು ಸಿಗುವುದಿಲ್ಲ. ಕೇಂದ್ರ ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ನಿಮಗೆ ಬೆಂಗಳೂರಿಗೆ ಹೋಗಬೇಕಾದೀತು. ಒಂದು ಸೀಸೆ ತೆರೆದರೆ ಹಲವರಿಗೆ ಒಟ್ಟಿಗೆ ಹಾಕಿ ಮುಗಿಸಬೇಕಾಗುವುದರಿಂದ ಕೆಲವು ಕಡೆ ವಾರದಲ್ಲಿ ಗೊತ್ತಾದ ದಿನ ಮಾತ್ರ ಕೊಡುತ್ತಾರೆ. ಮೊದಲೇ ದಿನ ಗೊತ್ತು ಮಾಡಿಕೊಂಡು, ಪಾಸ್‌ಪೋರ್ಟ್ ಹಿಡಿದುಕೊಂಡು ಹೋಗಿ. ಕಾರ್ಡಿನಲ್ಲಿ ಬರೆದ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಅಕ್ಷರ ಅಕ್ಷರ ಹೊಂದುತ್ತದೆಯೇ, ಮೊಹರು ಬಿದ್ದಿದೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ.

ಒಂದು ಎಚ್ಚರಿಕೆ ಹೇಳಲೇಬೇಕು, ಇದು ನಿಮ್ಮ ಯಜಮಾನರಿಗೆ ಸಂಬಂಧಿಸಿದ್ದು. 60 ದಾಟಿದವರು ಈ ಲಸಿಕೆಯನ್ನು ಮೊದಲ ಸಲ ಹಾಕಿಸಿಕೊಂಡಾಗ, ತೀರಾ ಅಪರೂಪಕ್ಕೆ, ಗಂಭೀರ ಅಡ್ಡಪರಿಣಾಮ ಆಗುವುದುಂಟು. ಸಕ್ಕರೆ ಕಾಯಿಲೆಯೊಂದೇ ಇದ್ದರೆ ಲಸಿಕೆಗೆ ಅಡ್ಡಿಯಿಲ್ಲ. ಆದರೆ ರೋಗನಿರೋಧಕ ಶಕ್ತಿ ಕುಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು, ಮೊಟ್ಟೆಯ ತೀವ್ರ ಅಲರ್ಜಿ ಇರುವವರು ಮುಂಚೆಯೇ ಹೇಳಬೇಕು. ಆದ್ದರಿಂದ ಬೆಂಗಳೂರಿಗೆ ಬಸ್ ಹತ್ತುವ ಮೊದಲು ಅವರ ಮಾಮೂಲಿ ವೈದ್ಯರ ಹತ್ತಿರ ಅವರನ್ನು ಒಬ್ಬರನ್ನೇ ಕೂರಿಸಿ ಮಾತಾಡಲು ಬಿಡಿ. ಬೇಡವೆಂದು ವೈದ್ಯರು ತೀರ್ಮಾನಿಸಿದರೆ ವಿನಾಯಿತಿ ಪತ್ರ ಕೊಡಬಹುದು. ಆದರೆ ವಾಪಸಾಗುವಾಗ ಪ್ರತ್ಯೇಕ ವಾಸದ ಸಾಧ್ಯತೆ ಆಗಲೂ ಉಳಿಯುತ್ತದೆ. ಆಗ ಅವರು ಊರಲ್ಲೇ ಉಳಿದು ನೀವೊಬ್ಬರೇ ಹೋಗುವುದೂ ಒಂದು ದಾರಿ. ಅದರಲ್ಲಿ ಯಾರ ಸೋಲೂ ಇಲ್ಲ.

ಇನ್ನು ಉಳಿದವು. ನಿಮ್ಮ ಪಟ್ಟಿಯಲ್ಲಿ ಇಲ್ಲದೆಯೂ ಇರಬಹುದಾದ ಒಂದನ್ನು ನಾನು ಮುಂದೆ ತರುತ್ತೇನೆ, ಯಾಕೆಂದರೆ ನೀವು ಹೊರಟಿರುವುದೇ ಹಸುಗೂಸಿಗಾಗಿ. ನಾಯಿಕೆಮ್ಮು ದೊಡ್ಡವರಿಗೆ ಬರೀ ಕೆಮ್ಮು, ಎಳೆಗೂಸಿಗೆ ಪ್ರಾಣಾಪಾಯ. ಟಿಡ್ಯಾಪ್ ಎಂಬ ಒಂದೇ ಚುಚ್ಚುಮದ್ದು ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮು ಮೂರಕ್ಕೂ ಆಗುತ್ತದೆ. ಮಗುವನ್ನು ಎತ್ತಿಕೊಳ್ಳುವ ಎರಡು ವಾರ ಮೊದಲಾದರೂ ಹಾಕಿಸಿಕೊಂಡಿರಬೇಕು. ಗರ್ಭಿಣಿಯರಿಗೂ ಇದನ್ನು ಕೊಡುತ್ತಾರೆ. ಸೊಸೆ ಅಲ್ಲಿನ ವೈದ್ಯರನ್ನು ಈಗಲೇ ಕೇಳಲಿ. ಈ ಖರ್ಚಿಗೆ ಹಿಂದೆಮುಂದೆ ನೋಡಬೇಡಿ.

ಟೈಫಾಯಿಡ್ ಲಸಿಕೆ ಅಲ್ಲಿಗೂ ಉಪಯೋಗ, ಇಲ್ಲಿಗೂ ಉಪಯೋಗ. ಕೈಯಲ್ಲಿ ದುಡ್ಡಿದ್ದರೆ ಹಾಕಿಸಿಕೊಳ್ಳಿ. ಯಜಮಾನರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಫ್ಲೂ ಲಸಿಕೆ ಒಳ್ಳೆಯದು, ಅದು ಪ್ರವಾಸ ಇಲ್ಲದಿದ್ದರೂ ಅವರಿಗೆ ಬೇಕಾದದ್ದೇ. ಹೆಪಟೈಟಿಸ್ ಎ ಬಗ್ಗೆ ಅವಸರ ಬೇಡ. ಹಳ್ಳಿಯಲ್ಲಿ ಬೆಳೆದ ನಿಮ್ಮ ವಯಸ್ಸಿನ ಬಹುಪಾಲು ಜನರಿಗೆ ಅದು ಚಿಕ್ಕಂದಿನಲ್ಲೇ ಬಂದುಹೋಗಿ ದೇಹದಲ್ಲಿ ರಕ್ಷಣೆ ಇರುತ್ತದೆ. ಅನುಮಾನವಿದ್ದರೆ ರಕ್ತಪರೀಕ್ಷೆಯಿಂದ ತಿಳಿಯಬಹುದು. ಮಗನ ಮನೆಯಲ್ಲೇ ಇರುವವರಿಗೆ ರೇಬಿಸ್ ಲಸಿಕೆಯನ್ನು ಮುಂಚಿತವಾಗಿ ಹಾಕಿಸುವುದು ಅಷ್ಟು ಮುಖ್ಯವಲ್ಲ. ನಾಯಿ ಕಚ್ಚಿದರೆ ಸೋಪು ಹಚ್ಚಿ 15 ನಿಮಿಷ ನೀರಿನಲ್ಲಿ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗುವುದು ಮುಖ್ಯ. ಮೆನಿಂಜೈಟಿಸ್ ಲಸಿಕೆ ನಿಮಗೆ ಬೇಕೇ ಎಂಬುದು ಎಲ್ಲೆಲ್ಲಿ ಓಡಾಡುತ್ತೀರಿ ಎಂಬುದರ ಮೇಲಿದೆ, ವೈದ್ಯರನ್ನು ಕೇಳಿ. ಶಿರಾಳಕೊಪ್ಪದಿಂದಲೋ ಆನವಟ್ಟಿಯಿಂದಲೋ ಹಜ್‌ಗೆ ಹೊರಡುವ ಓದುಗರಿಗೆ ಮಾತ್ರ ಅದು ಕಡ್ಡಾಯ. ಅವರು ಅದನ್ನು ಬಿಡುವಂತಿಲ್ಲ.

ಇಷ್ಟು ಹೇಳಿದ ಮೇಲೂ ನನ್ನ ದೊಡ್ಡ ಚಿಂತೆ ಯಾವ ಲಸಿಕೆಯದೂ ಅಲ್ಲ, ಮಲೇರಿಯಾದ್ದು. ಉಗಾಂಡಾದಲ್ಲಿ ಅದು ವರ್ಷವಿಡೀ ಇದೆ, ಪ್ರವಾಸ ಹೋಗುವ ದೊಡ್ಡವರಿಗೆ ಅದರ ಲಸಿಕೆ ಇಲ್ಲ. ಸೂಜಿಗಳ ಪಟ್ಟಿ ಹಿಡಿದು ಕೂತಾಗ ಮಾತ್ರೆಯ ವಿಷಯ ಮರೆತೇ ಹೋಗುತ್ತದೆ. ಮಲೇರಿಯಾ ತಡೆಯುವ ಮಾತ್ರೆಗಳು ಬೇರೆ ಬೇರೆ ಇವೆ. ಕೆಲವನ್ನು ಹೊರಡುವ ಒಂದೆರಡು ದಿನ ಮೊದಲು, ಕೆಲವನ್ನು ವಾರಗಳ ಮೊದಲು ಶುರುಮಾಡಬೇಕು. ಊರಿಗೆ ಬಂದ ಮೇಲೂ ವೈದ್ಯರು ಹೇಳಿದಷ್ಟು ದಿನ ನಿಲ್ಲಿಸಬಾರದು. ಸಕ್ಕರೆಯ ಮಾತ್ರೆಗಳ ಜತೆ ಯಾವುದು ಹೊಂದುತ್ತದೆ ಎಂದು ಕೇಳಿಕೊಳ್ಳಿ. ಮಲಗುವಾಗ ಸೊಳ್ಳೆಪರದೆ ಬೇಕೇ ಬೇಕು, ಅದನ್ನು ತಂದಿಡಲು ಮಗನಿಗೆ ಹೇಳಿ. ಲಸಿಕೆಯಲ್ಲಿ ಉಳಿಯುವ ದುಡ್ಡಿನ ಒಂದು ಭಾಗ ಇದಕ್ಕಿರಲಿ.

ಮಗನಿಗೆ ಫೋನ್ ಮಾಡಿದಾಗ 'ನಿನಗೆ ಖರ್ಚಾಗುತ್ತೆ' ಎಂದು ಶುರುಮಾಡಬೇಡಿ. 'ಇವು ಬೇಕೇ ಬೇಕಂತೆ, ಇವು ಬೇಡ ಅಂದ್ಕೊಂಡಿದ್ದೀವಿ, ನಿಂಗೇನನ್ನಿಸುತ್ತೆ' ಎಂದು ಕೇಳಿ. ಅವನ ಕಾಳಜಿಗೂ ಜಾಗ ಸಿಗುತ್ತದೆ, ನಿಮ್ಮ ಮರ್ಯಾದೆಯೂ ಉಳಿಯುತ್ತದೆ.

ಇಂತಿಷ್ಟೇ ಎಂದು ಅಂತಿಮವಾಗಿ ಹೇಳಬೇಕಾದವರು ನಿಮ್ಮನ್ನು ಪರೀಕ್ಷಿಸಿದ ವೈದ್ಯರು, ನಾನಲ್ಲ. ಖಾಸಗಿ ಪಟ್ಟಿಯನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಇನ್ನೊಮ್ಮೆ ತೋರಿಸಿ. ಆರೋಗ್ಯ ಸಹಾಯವಾಣಿ 104ಕ್ಕೂ ಫೋನ್ ಮಾಡಬಹುದು. ತೀರ್ಮಾನವಾದ ಮೇಲೂ ನಿದ್ದೆ ಬಾರದೆ ಎದೆ ಡವಗುಟ್ಟುತ್ತಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಕಡೆಯದಾಗಿ ಒಂದನ್ನು ನಿಮ್ಮಿಬ್ಬರಲ್ಲೂ, ಹೊರದೇಶದಿಂದ ಮರಳುವ ಎಲ್ಲ ಓದುಗರಲ್ಲೂ ಕೇಳಿಕೊಳ್ಳುತ್ತೇನೆ. ಊರಿಗೆ ಬಂದ ಮೇಲೆ ಜ್ವರ ಬಂದರೆ, ಅದು ಒಂದೆರಡು ತಿಂಗಳ ನಂತರವಾದರೂ ಸರಿ, ನಮ್ಮ ಕಡೆಯ ಮಾಮೂಲಿ ಜ್ವರ ಎಂದು ಮನೆಯಲ್ಲಿ ಮಲಗಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ, ಆಫ್ರಿಕಾದಿಂದ ಬಂದಿದ್ದೇನೆ, ಮಲೇರಿಯಾ ಪರೀಕ್ಷೆ ಮಾಡಿ ಎಂದು ವೈದ್ಯರಿಗೆ ನೀವಾಗಿಯೇ ಹೇಳಿ.