ಕ್ರೈಸ್ತ ಜೀವನದಲ್ಲಿ ನಿತ್ಯಪ್ರಾರ್ಥನೆ: ಪರೀಕ್ಷೆಗೆ ಮುಖ್ಯಾಂಶಗಳು

ಪ್ರಾರ್ಥನೆಯ ಮಹತ್ವ ಬರೆಯಿರಿ ಎಂದರೆ ಹೆಚ್ಚಿನವರು ಮನಶ್ಶಾಂತಿ, ನೆಮ್ಮದಿ ಎಂದು ಪುಟ ತುಂಬಿಸುತ್ತಾರೆ. ಅಂಕ ಸಿಗುವುದು ಬೇರೆ ಕಡೆ: ಯಾವ ಹೊತ್ತು, ಯಾವ ವಚನ, ಯಾರು ಹಾಕಿಕೊಟ್ಟ ಕ್ರಮ ಎಂಬಲ್ಲಿ.

ಹಳೆಯ ಒಡಂಬಡಿಕೆ
• ದಾನಿಯೇಲ 6:10: ಅರಸನ ನಿಷೇಧವಿದ್ದರೂ ದಿನಕ್ಕೆ ಮೂರು ಸಲ, ಯೆರೂಸಲೇಮಿನ ದಿಕ್ಕಿಗೆ ಮೊಣಕಾಲೂರಿ ಪ್ರಾರ್ಥನೆ. ನಿಷೇಧ ಬಂದಮೇಲೆ ಹಟಕ್ಕೆ ಶುರುಮಾಡಿದ್ದಲ್ಲ, ಮೊದಲಿನಿಂದ ಇದ್ದ ರೂಢಿ. ಉತ್ತರದಲ್ಲಿ ಇದನ್ನು ಬಿಡಬೇಡಿ.
• ಕೀರ್ತನೆ 55:17 ಮೂರು ಹೊತ್ತು. 119:164 ದಿನಕ್ಕೆ ಏಳು ಸಲ.

ಯೇಸುವಿನ ಮಾದರಿ
ಕಪೆರ್ನೌಮಿನಲ್ಲಿ ಸಂಜೆಯೆಲ್ಲ ರೋಗಿಗಳನ್ನು ವಾಸಿಮಾಡಿದ ಮರುದಿನವೇ, ಇನ್ನೂ ಕತ್ತಲಿರುವಾಗ ಎದ್ದು ನಿರ್ಜನ ಸ್ಥಳಕ್ಕೆ ಹೋದದ್ದು ಮಾರ್ಕ 1:35. ಹನ್ನೆರಡು ಮಂದಿಯನ್ನು ಆರಿಸುವ ಮುನ್ನ ರಾತ್ರಿಯಿಡೀ ಪ್ರಾರ್ಥಿಸಿದ್ದು ಲೂಕ 6:12. ಪಟ್ಟುಬಿಡದ ವಿಧವೆಯ ಸಾಮ್ಯ ಲೂಕ 18:1–8. ಅಲ್ಲಿನ ಅನ್ಯಾಯಗಾರ ನ್ಯಾಯಾಧಿಪತಿಗೆ ದೇವರನ್ನು ಹೋಲಿಸಿಲ್ಲ, ಅಂಥವನೇ ಮಣಿದನೆಂದ ಮೇಲೆ ದೇವರು ಕೇಳಿಸಿಕೊಳ್ಳನೇ ಎಂಬ ವಾದವಿದೆ.

ಕರ್ತನ ಪ್ರಾರ್ಥನೆ
ಮತ್ತಾಯ 6:9–13ರಲ್ಲಿ ಉದ್ದ, ಲೂಕ 11:2–4ರಲ್ಲಿ ಚಿಕ್ಕದು. ರಾಜ್ಯ, ಬಲ, ಮಹಿಮೆಯ ಕೊನೆಯ ಸಾಲು ಮತ್ತಾಯನ ಅತ್ಯಂತ ಹಳೆಯ ಹಸ್ತಪ್ರತಿಗಳಲ್ಲಿಲ್ಲ.

ಗೊತ್ತಾದ ಹೊತ್ತುಗಳು
ಇದು ಯೆಹೂದ್ಯರಿಂದ ಬಂದ ಬಳುವಳಿ. ಪೇತ್ರ, ಯೋಹಾನರು ದೇವಾಲಯಕ್ಕೆ ಹೋದದ್ದು ಮಧ್ಯಾಹ್ನ 3ರ ಪ್ರಾರ್ಥನೆಗೆ (ಅಪೊಸ್ತಲರ ಕೃತ್ಯಗಳು 3:1). ಆದಿಸಭೆಯ ಕೈಪಿಡಿ ‘ದಿದಾಖೆ’ (8ನೇ ಅಧ್ಯಾಯ) ಕರ್ತನ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಲು ವಿಧಿಸುತ್ತದೆ.

ಪರೀಕ್ಷಕರಿಗೆ ಪ್ರಿಯವಾದ ಭಾಗ ಮುಂದಿನದು. ಈ ಹೊತ್ತುಗಳಲ್ಲಿ ಹೇಳುವ 150 ಕೀರ್ತನೆಗಳನ್ನು ಎಷ್ಟು ದಿನದಲ್ಲಿ ಮುಗಿಸಬೇಕು?
• ಸಂತ ಬೆನೆಡಿಕ್ಟನ ಮಠ ನಿಯಮ (6ನೇ ಶತಮಾನ): ಒಂದು ವಾರ. ಹಗಲು ಏಳು ಸಲ, ರಾತ್ರಿ ಒಮ್ಮೆ.
• ಇಂಗ್ಲೆಂಡಿನ ಸಭೆಗಾಗಿ ಆರ್ಚ್‌ಬಿಷಪ್ ಕ್ರಾನ್ಮರನ ಪ್ರಾರ್ಥನಾ ಪುಸ್ತಕ (1549): ಒಂದು ತಿಂಗಳು. ಮಠದ ಹೊತ್ತುಗಳನ್ನು ಬೆಳಗು, ಸಂಜೆ ಎಂದು ಎರಡಕ್ಕಿಳಿಸಿ ಜನಸಾಮಾನ್ಯರಿಗೂ ಎಟುಕುವಂತೆ ಮಾಡಿದ.
• ಎರಡನೇ ವ್ಯಾಟಿಕನ್ ಮಹಾಸಭೆಯ (1962–65) ನಂತರ ಕಥೋಲಿಕ ಸಭೆ: ನಾಲ್ಕು ವಾರ, ಶಾಪದ ಧಾಟಿಯ 58, 83, 109ನೇ ಕೀರ್ತನೆಗಳನ್ನು ಕೈಬಿಡಲಾಗಿದೆ.

ಅಳತೆ ಸಡಿಲವಾಗುತ್ತಾ ಬಂತು, ಹೊತ್ತು ಮಾತ್ರ ಉಳಿಯಿತು. ಮಹತ್ವದ ಪ್ರಶ್ನೆಗೆ ನನ್ನ ಪ್ರಕಾರ ಇದಕ್ಕಿಂತ ಗಟ್ಟಿ ಆಧಾರವಿಲ್ಲ.

ಲೂಥರ್, 1535
ತನ್ನ ಕ್ಷೌರಿಕ ಪೇತರ್ ಕೇಳಿದ್ದಕ್ಕೆ ಪ್ರಾರ್ಥಿಸುವ ಸರಳ ವಿಧಾನವೊಂದನ್ನು ಬರೆದುಕೊಟ್ಟ. ಬೆಳಿಗ್ಗೆ ಮೊದಲ ಕೆಲಸ, ರಾತ್ರಿ ಕೊನೆಯ ಕೆಲಸ ಪ್ರಾರ್ಥನೆಯಾಗಲಿ. ‘ಇನ್ನೊಂದು ತಾಸು ಬಿಟ್ಟು ಮಾಡೋಣ’ ಎಂಬ ಯೋಚನೆಯ ಬಗ್ಗೆ ಎಚ್ಚರ. ಕ್ಷೌರಿಕನ ಕಣ್ಣು ಕತ್ತಿಯ ಮೇಲೂ ಕೂದಲ ಮೇಲೂ ಇರಬೇಕು, ಹರಟೆಗಿಳಿದರೆ ಮೂಗೋ ಗಂಟಲೋ ಕುಯ್ದೀತು. ಪ್ರಾರ್ಥನೆಗೂ ಅಷ್ಟೇ ಗಮನ ಬೇಕು ಎಂದ. ಇಂಥ ಉದಾಹರಣೆ ಒಂದಿದ್ದರೆ ಉತ್ತರಕ್ಕೆ ಕಳೆ ಬರುತ್ತದೆ.

ಕೇಳಬಹುದಾದ ಪ್ರಶ್ನೆ
1 ಥೆಸಲೋನಿಕ 5:17 ಎಡೆಬಿಡದೆ ಪ್ರಾರ್ಥಿಸಲು ಹೇಳುವಾಗ ಗೊತ್ತಾದ ಹೊತ್ತು ಏಕೆ? ಹೊತ್ತು ಗೊತ್ತಿಲ್ಲದ ಪ್ರಾರ್ಥನೆ ಕಷ್ಟ ಬಂದಾಗಷ್ಟೇ ನೆನಪಾಗುತ್ತದೆ. ದಿನದ ನಡುವೆ ಗುರುತು ಹಾಕಿಕೊಂಡರೆ ಉಳಿದ ಹೊತ್ತೂ ದೇವರ ಕಡೆ ಹೊರಳುತ್ತದೆ. ಹಾಗೆಂದು ಪದಗಳ ರಾಶಿ ಹಾಕುವುದನ್ನು ಮತ್ತಾಯ 6:7 ಒಪ್ಪುವುದಿಲ್ಲ, ಬೆನೆಡಿಕ್ಟನ 20ನೇ ಅಧ್ಯಾಯವೂ ಪ್ರಾರ್ಥನೆ ಚಿಕ್ಕದಾಗಿರಲಿ ಎನ್ನುತ್ತದೆ. ಗೊತ್ತಾದ ಹೊತ್ತು, ಮಾತಿನ ಮಿತಿ ಎರಡನ್ನೂ ಸೇರಿಸಿ ಬರೆಯಿರಿ. ಒಂದನ್ನೇ ಬರೆದರೆ ಉತ್ತರ ಅರ್ಧ.