ತೋಟದ ಒಂದೆಲಗ: ಗುರುತು ಮತ್ತು ಬಳಕೆ

ಅಡಿಕೆ ತೋಟದ ಬಸಿಗಾಲುವೆಯ ಅಂಚು, ಕಾಫಿ ತೋಟದ ತಗ್ಗು, ಗದ್ದೆಯ ಬದು, ಹೀಗೆ ತೇವವಿರುವಲ್ಲೆಲ್ಲ ನಾವು ನೆಡದೆಯೇ ಹಬ್ಬುವ ಸೊಪ್ಪು ಒಂದೆಲಗ. ಮಲೆನಾಡಿನ ಕೆಲವೆಡೆ ಇದು ಉರಗೆ, ತುಳುವಿನಲ್ಲಿ ತಿಮರೆ, ಸಂಸ್ಕೃತದಲ್ಲಿ ಮಂಡೂಕಪರ್ಣಿ. ಕಳೆನಾಶಕ ಹೊಡೆದ ತೋಟದಲ್ಲಿ ಕಳೆಯೊಡನೆ ಇದೂ ಸಾಯುತ್ತದೆ. ಉಳಿಸಿಕೊಳ್ಳಬೇಕಾದರೆ ಮೊದಲು ಸರಿಯಾಗಿ ಗುರುತಿಸಬೇಕು.

ಗುರುತು: ತೆಳುವಾದ, ಹಲವೊಮ್ಮೆ ಕೆಂಪು ಛಾಯೆಯ ಬಳ್ಳಿಯು ನೆಲದ ಮೇಲೆ ಹರಿದು ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದೆ. ಗೆಣ್ಣಿನಿಂದ ಉದ್ದ ತೊಟ್ಟುಗಳು ಏಳುತ್ತವೆ. ತೊಟ್ಟಿಗೆ ಒಂದೇ ಎಲೆ. ಎಲೆ ದುಂಡಗಿದ್ದು ಅಂಚಿನಲ್ಲಿ ಸಣ್ಣ ಕಚ್ಚುಗಳಿರುತ್ತವೆ. ಬುಡದಲ್ಲಿ ಸೀಳಿದ್ದು, ತೊಟ್ಟು ಆ ಸೀಳಿನಲ್ಲಿಯೇ ಕೂಡಿರುತ್ತದೆ. ಎಲೆಗಳ ಮರೆಯಲ್ಲಿ, ನೆಲದ ಹತ್ತಿರ, ನಸುಗೆಂಪಿನ ತೀರ ಸಣ್ಣ ಹೂಗಳು ಬಿಡುತ್ತವೆ.

ಹೋಲುವ ಗಿಡಗಳು: ಕೊಳಗಳಲ್ಲಿ ಅಲಂಕಾರಕ್ಕೆ ಬೆಳೆಸುವ ಒಂದು ಗಿಡದ ಎಲೆಯೂ ದುಂಡಗೆ, ಆದರೆ ಅದರ ತೊಟ್ಟು ಛತ್ರಿಯ ಕಾವಿನಂತೆ ಎಲೆಯ ನಡುವಿಗೆ ಸೇರಿರುತ್ತದೆ. ಇಲಿಕಿವಿ ಸೊಪ್ಪಿನ ಹೂ ಹಳದಿ. ಬ್ರಾಹ್ಮಿ ಎಂಬ ಹೆಸರನ್ನು ಒಂದೆಲಗಕ್ಕೂ ನೀರುಬ್ರಾಹ್ಮಿಗೂ ಹೇಳುವುದುಂಟು. ನೀರುಬ್ರಾಹ್ಮಿಯ ಎಲೆ ಚಿಕ್ಕದು, ದಪ್ಪ, ಎದುರುಬದುರಾಗಿ ಜೋಡಿಯಾಗಿರುತ್ತದೆ. ಮಾರುವಾಗ ಹೆಸರನ್ನಷ್ಟೇ ನಂಬದೆ ಎಲೆ ನೋಡಿ ವ್ಯವಹರಿಸತಕ್ಕದ್ದು.

ಬಳಕೆ: ಸೊಪ್ಪನ್ನು ಜೀರಿಗೆ, ಮೆಣಸಿನ ಕಾಳಿನೊಡನೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಸೇರಿಸಿ ರುಬ್ಬಿ, ಮಜ್ಜಿಗೆ ಬೆರೆಸಿದರೆ ತಂಬುಳಿ. ಚಟ್ನಿಗೂ ಆಗುತ್ತದೆ. ಚರಕಸಂಹಿತೆ ಹೇಳುವ ನಾಲ್ಕು ಮೇಧ್ಯ ರಸಾಯನಗಳಲ್ಲಿ ಇದರ ರಸವೂ ಒಂದು. ಊಟದ ಸೊಪ್ಪಾಗಿ ಬಳಸುವುದು ಬೇರೆ, ಔಷಧಿಯಾಗಿ ವಾರಗಟ್ಟಲೆ ಸೇವಿಸುವುದು ಬೇರೆ. ಹಾಗೆ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ತೊಂದರೆಯಾದ ವರದಿಗಳಿವೆ. ಗರ್ಭಿಣಿಯರು, ಯಕೃತ್ತಿನ ಕಾಯಿಲೆಯುಳ್ಳವರು ವೈದ್ಯರನ್ನು ಕೇಳದೆ ಔಷಧಿಯಾಗಿ ತೆಗೆದುಕೊಳ್ಳಬಾರದು.

ಎಚ್ಚರಿಕೆ: ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸುವಾಗ ಗೊನೆಯಿಂದ ತೊಟ್ಟಿಕ್ಕುವ ಮೈಲುತುತ್ತ ಬೀಳುವುದು ಕೆಳಗಿನ ಸೊಪ್ಪಿನ ಮೇಲೆಯೇ. ಅಂಥ ಸೊಪ್ಪು ಅಡಿಗೆಗೆ ಬೇಡ. ಕಳೆನಾಶಕ ಹೊಡೆದ ಜಾಗದ್ದು, ಅದರ ನೀರು ಹರಿದ ಕಾಲುವೆಯದ್ದು ಸಹ ಬೇಡ.

ಆದುದರಿಂದ ಸಿಂಪರಣೆ ತಲುಪದ, ಅರೆನೆರಳಿನ, ಶುದ್ಧ ನೀರಿನ ತೇವವಿರುವ ಒಂದು ಮೂಲೆಯನ್ನು ಇದಕ್ಕೆಂದೇ ಬಿಡೋಣ. ಬೇರು ಬಿಟ್ಟ ಬಳ್ಳಿಯ ತುಂಡುಗಳನ್ನು ಗೇಣಿಗೊಂದರಂತೆ ಮಳೆಗಾಲದ ಆರಂಭದಲ್ಲಿ ಊರಿದರೆ ಸಾಕು, ತಾನೇ ಹಬ್ಬುತ್ತದೆ. ಕೊಯ್ಯುವಾಗ ತೊಟ್ಟುಸಹಿತ ಎಲೆ ಮಾತ್ರ ಚಿವುಟಿ, ಬಳ್ಳಿಯನ್ನು ನೆಲಕ್ಕೇ ಬಿಡತಕ್ಕದ್ದು.